ಸಂತೆಯ ಅಕ್ಕ ಕಲಿಸಿದ ಆನ್‌ಲೈನ್ ವ್ಯಾಪಾರ

ಬ್ಯಾಡಗಿ ಮೆಣಸಿನಕಾಯಿ ಆನ್‌ಲೈನಲ್ಲಿ ಮಾರ್ತೀನಿ ಅಂದಾಗ ಬೆಂಗಳೂರಿನ ಗೆಳೆಯರದ್ದು ಒಂದೇ ರಾಗ: ಸ್ಟುಡಿಯೋ ಫೋಟೋ ತೆಗೆಸು, ಆ್ಯಡ್ ಹಾಕು, ಡಿಸ್ಕೌಂಟ್ ಕೊಡು. ಮೂರನ್ನೂ ಮಾಡಿದೆ. ಮೊದಲ ಸೀಸನ್‌ನಲ್ಲೇ ಹೆಚ್ಚುಕಡಿಮೆ 60 ಸಾವಿರ ಕೈಬಿಟ್ಟಿತು. ಈಗ ಆ್ಯಡ್‌ಗೆ ಒಂದು ರೂಪಾಯಿ ಹಾಕಲ್ಲ. ಅರ್ಧಕ್ಕಿಂತ ಜಾಸ್ತಿ ಆರ್ಡರ್ ಹಳೇ ಗಿರಾಕಿಗಳದ್ದು. ದಾರಿ ತೋರಿಸಿದ್ದು ನಮ್ಮೂರ ವಾರದ ಸಂತೆಯಲ್ಲಿ ಮೆಣಸಿನಕಾಯಿ ಹಾಕಿಕೊಂಡು ಕೂರುವ ಅಕ್ಕ. "ಸಂತಿ ಬುದ್ಧಿ ಮೊಬೈಲ್‌ನಾಗ ನಡೀತದನು?" ಅಂತ ನಕ್ಕವರು ಈಗ ಸುಮ್ಮನಿದ್ದಾರೆ.

ಸ್ಟುಡಿಯೋ ಲೈಟಿನಲ್ಲಿ ಎಲ್ಲ ಕಾಯಿಯೂ ಕೆಂಪೇ. ಬ್ಯಾಡಗಿಯಲ್ಲೇ ಎರಡು ಬಗೆ, ಡಬ್ಬಿ ಮತ್ತು ಕಡ್ಡಿ. ಯಾವುದು ಡಬ್ಬಿ, ಯಾವುದು ಕಡ್ಡಿ, ಹೈಬ್ರಿಡ್ ಯಾವುದು ಗೊತ್ತಾಗಲ್ಲ. ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಬಾಗಿಲ ತನಕ ಹೋದ ಮಾಲು ವಾಪಸ್. ಹೋಗೋ ಬರೋ ಕೊರಿಯರ್ ಎರಡೂ ನಮ್ಮ ತಲೆಗೆ. "ಬರೇ ಬಾಯಿಲೆ ಹೇಳಿದ್ರ ಯಾರು ನಂಬ್ತಾರೋ ತಮ್ಮಾ, ಮುರದು ತೋರ್ಸು" ಅಂದಳು ಅಕ್ಕ.

ಈಗ ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ಫೋನಿನಲ್ಲೇ ವಿಡಿಯೋ. ಡಬ್ಬಿ ಗಿಡ್ಡ, ದುಂಡಗೆ, ಮುರಿದರೆ ಒಳಗೆ ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಡಿಮೆ. ಬಿಳಿಚಿದ ಕಾಯಿ ಸಿಕ್ಕರೆ ಅದನ್ನೂ ಎತ್ತಿ ತೋರಿಸ್ತೀನಿ. ತೂಕ ಹಾಕೋದೂ ಅದೇ ವಿಡಿಯೋದಲ್ಲಿ, ಎಲ್ಲೂ ಕಟ್ ಮಾಡದೆ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟು. ಮರುದಿನ ಬೆಳಿಗ್ಗೆ ಹೊಸ ಮಾಲಿನ ದರ ವಾಟ್ಸಾಪ್ ಸ್ಟೇಟಸ್‌ಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ (ಈ ಭಾಗದ್ದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಆದರೆ ನನ್ನ ಗಿರಾಕಿಗಳು ಅದನ್ನ ಕೇಳಿದ್ದೇ ಇಲ್ಲ. ಅವರು ಕೇಳೋದು "ಒಳಗೆ ಬೂಷ್ಟು ಇಲ್ಲ ಅಲ್ವಾ?" ಅಂತ.

ದುಡ್ಡು ಉಳಿದದ್ದು ಕೊಸರಿನಿಂದ. 400 ರೂಪಾಯಿ ಮಾಲಿಗೆ ಶೇ. 10 ಡಿಸ್ಕೌಂಟ್ ಕೊಟ್ಟರೆ 40 ಹೋಯಿತು, ಯಾರಿಗೂ ನೆನಪಿರಲ್ಲ. ಮುಂದಿನ ಸಲವೂ ಅದೇ ದರ ಕೇಳ್ತಾರೆ. ಅದರ ಬದಲು ಒಂದು ಹಿಡಿ ಕಾಯಿ ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೇಲೆ "ಕೊಸರು" ಅಂತ ಕೈಯಲ್ಲಿ ಬರೆದು ಹಾಕಿದೆ. ಖರ್ಚು 20ರ ಒಳಗೆ. ಆ ಪೊಟ್ಟಣದ ಫೋಟೋ ಅವರೇ ತೆಗೆದು ಕಳಿಸ್ತಾರೆ, ನೆಂಟರಿಗೂ ತೋರಿಸ್ತಾರೆ. ಬೇರೆ ಪೊಟ್ಟಣ ಯಾಕೆ ಅಂದರೆ, ಒಂದೇ ಚೀಲದಲ್ಲಿ ಸೇರಿಸಿದರೆ ಯಾರ ಕಣ್ಣಿಗೂ ಬೀಳಲ್ಲ. ಸಂತೆಯಲ್ಲೂ ತಕ್ಕಡಿ ನಿಂತ ಮೇಲೇ ಅಲ್ವಾ ಆ ಹಿಡಿ ಬೀಳೋದು?

ಫೋನ್ ಮಾಡಿ ಚೌಕಾಸಿ ಮಾಡೋರಿಗೂ ಇದೇ. ದರ ಇಳಿಸಲ್ಲ, ಹಿಡಿ ದೊಡ್ಡದು ಮಾಡ್ತೀನಿ.

ಸಂಜೆ ಸಂತೆ ಎದ್ದೇಳೋ ಹೊತ್ತಿಗೆ ದರ ಇಳಿಯುತ್ತಲ್ಲ, ಅದನ್ನೂ ನೋಡೋಣ ಅಂತ ಶನಿವಾರ ರಾತ್ರಿ ಅರ್ಧ ದರದ ಸ್ಟೇಟಸ್ ಹಾಕಿದೆ. ಒಂದೆರಡು ವಾರ ಜೋರು. ಆಮೇಲೆ ವಾರದ ಉಳಿದ ದಿನ ಆರ್ಡರೇ ಇಲ್ಲ! ಸಂತೆಗೆ ಬೆಳಿಗ್ಗೆ ಬರೋರು ಬೇರೆ, ಸಂಜೆ ಬರೋರು ಬೇರೆ. ಸ್ಟೇಟಸ್ ನೋಡೋರು ಎರಡೂ ಹೊತ್ತು ಅವರೇ. ಈಗ ಮುರಿದ ಕಾಯಿ ಮಾತ್ರ ಕಡಿಮೆ ದರಕ್ಕೆ ಬಿಡ್ತೀನಿ, ಅದೂ ಯಾವ ದಿನ ಅಂತ ಮೊದಲೇ ಹೇಳದೆ.

ಕೊರಿಯರ್‌ನವರು ತೂಕ ಒಂದೇ ಅಲ್ಲ, ಬಾಕ್ಸಿನ ಗಾತ್ರವನ್ನೂ ಕಿಲೋ ಲೆಕ್ಕಕ್ಕೆ ತರ್ತಾರೆ, ಯಾವುದು ಜಾಸ್ತಿಯೋ ಅದಕ್ಕೆ ಬಿಲ್. 30×25×20 ಸೆಂ.ಮೀ. ಬಾಕ್ಸಿಗೆ 1 ಕಿಲೋ ಕಾಯಿ ತುಂಬಿದರೆ ಸಾಮಾನ್ಯವಾಗಿ 3 ಕಿಲೋಗೆ ಬಿಲ್ ಬರುತ್ತೆ. ಒತ್ತಿ ತುಂಬಿದರೆ ಕಾಯಿ ಪುಡಿ, ಬೀಜ ಎಲ್ಲಾ ತಳಕ್ಕೆ. ಅಕ್ಕ ಪುಟ್ಟ ಚೀಲದಲ್ಲೇ ಕಾಯಿ ಮುರಿಯದ ಹಾಗೆ ಕೂರಿಸ್ತಾಳೆ. ಅದನ್ನ ಕಲಿತ ಮೇಲೆ ನನ್ನ ಬಾಕ್ಸ್ ಅರ್ಧಕ್ಕೆ ಇಳಿಯಿತು. ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಒಂದು ಹೇಳ್ತೀನಿ: ಮೆತ್ತಗಾಗಲಿ ಅಂತ ನೀರು ಚಿಮುಕಿಸಿ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. ಮಳೆಗಾಲದಲ್ಲಿ ದಾರಿಯಲ್ಲೇ ಬೂಷ್ಟು ಹಿಡಿಯುತ್ತೆ.