ಲಿವರ್ ಈಗಲೇ, ಬೋಟಿ ನಿಧಾನಕ್ಕೆ
ಹೋಟೆಲಿನಲ್ಲಿ ಲಿವರ್, ಬೋಟಿ (ಕುರಿ, ಮೇಕೆಯ ಕರುಳು-ಜಠರ) ಇಂಥವನ್ನು ಹೊಸದಾಗಿ ರುಚಿ ನೋಡುವವರು ಆರ್ಡರ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದು ಈಗ ಮಾಡಿಕೊಡ್ತೀರಾ, ಆಗಲೇ ಮಾಡಿಟ್ಟಿದ್ದಾ?" ಲಿವರ್, ಕಿಡ್ನಿ ಆದರೆ ಈಗ ಮಾಡಿಕೊಡುವುದನ್ನೇ ತೆಗೆದುಕೊಳ್ಳಿ. ಬೋಟಿ, ನಾಲಿಗೆ ಆದರೆ ಗಂಟೆಗಟ್ಟಲೆ ಬೆಂದು ತಯಾರಾಗಿರುವುದೇ ಒಳ್ಳೆಯದು. ಲಿವರ್‌ನಲ್ಲಿ ನಾರು ಕಡಿಮೆ, ಬೇಗ ಬೇಯುತ್ತದೆ. ಮತ್ತೆ ಮತ್ತೆ ಬಿಸಿ ಮಾಡಿದರೆ ನೀರೆಲ್ಲ ಹೋಗಿ ಹಲ್ಲಿಗೆ ಪುಡಿಪುಡಿಯಾಗಿ ಸಿಗುತ್ತದೆ. ಬೋಟಿಯಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ನಾರಿನಂಥ ಪ್ರೋಟೀನ್ ಜಾಸ್ತಿ. ಸಣ್ಣ ಉರಿಯಲ್ಲಿ ತುಂಬಾ ಹೊತ್ತು ಬೆಂದರೆ ಅದು ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ, ಗ್ರೇವಿಯೂ ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಅವಸರಕ್ಕೆ ಮಾಡಿದರೆ ರಬ್ಬರ್ ಅಗಿದ ಹಾಗೆ. ಗುಂಡಿಗೆ ಮಾತ್ರ ಎರಡಕ್ಕೂ ಸೈ, ಅದು ಬರೀ ಸ್ನಾಯು ಅಲ್ವಾ. ನನ್ನ ಪ್ರಕಾರ ಹೊಸಬರಿಗೆ ಅದೇ ಸುಲಭ. ಬೋಟಿ ಸರಿಯಾಗಿ ತೊಳೆಯದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎಷ್ಟು ಬೇಯಿಸಿದರೂ ಆ ವಾಸನೆ ಹೋಗುವುದಿಲ್ಲ, ಮಸಾಲೆ ಸುಮ್ನೆ ಮುಚ್ಚಿಡುತ್ತದೆ ಅಷ್ಟೇ. "ಈಗ ಮಾಡಿದ್ದು" ಅಂದರೆ ಅರೆಬೆಂದದ್ದು ಅಂತಲೂ ಅಲ್ಲ: ಕೋಳಿ ಲಿವರ್ ಒಳಗೆ ಕೆಂಪಗಿದ್ದರೆ ವಾಪಸ್ ಕಳಿಸಿ. ಗೌಟ್ (ಕೀಲು ಊದಿ ನೋಯುವ ಕಾಯಿಲೆ) ಇರುವವರು, ಗರ್ಭಿಣಿಯರು ಲಿವರ್ ತಿನ್ನುವ ಮೊದಲು ಡಾಕ್ಟರನ್ನು ಕೇಳಿಬಿಡಿ.