ಸಂಘದ ಕಪಾಟಿನಲ್ಲಿರುವ ಕನ್ನಡವನ್ನು ಡಿಜಿಟಲ್‌ಗೆ ತರುವುದು ಹೇಗೆ

ಸ್ಕ್ಯಾನರ್ ಕೊಳ್ಳುವ ಮೊದಲು ನಿಮ್ಮ ಮುಂಬಯಿ ಕನ್ನಡ ಸಂಘದ ಕಪಾಟು ತೆರೆದು ಪುಸ್ತಕಗಳನ್ನು ಎರಡು ಪಾಲು ಮಾಡಿ. ಅಂಗಡಿಯಲ್ಲಿ ಇಂದಿಗೂ ಸಿಗುವ ಕಾದಂಬರಿಗಳು, ಮರುಮುದ್ರಣ ಕಂಡ ಕವನ ಸಂಕಲನಗಳು ಒಂದು ಕಡೆ. ಸಂಘದ ಸ್ಮರಣ ಸಂಚಿಕೆ, ಕನ್ನಡ ರಾತ್ರಿಶಾಲೆಯ ವಾರ್ಷಿಕ ಸಂಚಿಕೆ, ಯಕ್ಷಗಾನ ಮಂಡಳಿಯ ಕರಪತ್ರ, ಮುಂಬಯಿಯಲ್ಲೇ ಅಚ್ಚಾದ ಮಾಸಪತ್ರಿಕೆ ಇನ್ನೊಂದು ಕಡೆ. ಈ ಎರಡನೆಯ ಪಾಲೇ ನಿಮ್ಮ ಕೆಲಸ. ಮೊದಲನೆಯದರಲ್ಲಿ ಎಷ್ಟೋ ಹಳೆಯ ಪುಸ್ತಕಗಳು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿವೆ. ಅಲ್ಲಿ ಹುಡುಕದೆ ಅವಕ್ಕೆ ಕೈಹಾಕಬೇಡಿ. ಮಾಟುಂಗಾದಲ್ಲೋ ಮಾಹಿಮ್‌ನಲ್ಲೋ ಒಂದೇ ಪ್ರತಿ ಉಳಿದಿರುವ ಸಂಚಿಕೆ ಹಾಳಾದರೆ ಇನ್ನೆಲ್ಲೂ ಸಿಗುವುದಿಲ್ಲ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಉಬ್ಬುತ್ತದೆ, ಸಾಲುಗಳು ಬಾಗುತ್ತವೆ, ಆಮೇಲೆ ತಂತ್ರಾಂಶದಲ್ಲಿ ಸರಿಪಡಿಸುವುದು ಬಲು ಕಷ್ಟ. ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು, ಕಲೆ ಕಾಗದದ ನಾರಿಗೆ ಇಳಿಯುತ್ತದೆ. ಉಳಿದ ಪುಸ್ತಕಗಳಿಂದ ದೂರವಿಟ್ಟು, ನೆರಳಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಬಾಲ್ಕನಿಯಲ್ಲಿ ಕೊಡವಿ.

ಗಾಜಿನ ಮೇಲೆ ಪುಸ್ತಕ ಕವುಚಿ ಒತ್ತುವ ಸ್ಕ್ಯಾನರ್ ಬಿಡಿಹಾಳೆಗೆ ಸರಿ, ಹಳೆಯ ಹೊಲಿಗೆಯ ಪುಸ್ತಕಕ್ಕೆ ಅಲ್ಲ, ಬೆನ್ನು ಮುರಿಯುತ್ತದೆ. ಪುಸ್ತಕವನ್ನು ಸುಮಾರು 100 ಡಿಗ್ರಿಯಷ್ಟೇ ತೆರೆದಿಡುವ ಮರದ ಪೀಠ, ಸ್ಟ್ಯಾಂಡಿಗೆ ಬಿಗಿದ 12 ಮೆಗಾಪಿಕ್ಸೆಲ್ ಫೋನ್, ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ಎರಡು ಎಲ್‌ಇಡಿ ದೀಪ ಇದ್ದರೆ ಸಾಕು. ಒಂದು ಸಲಕ್ಕೆ ಒಂದೇ ಪುಟ ತೆಗೆಯಿರಿ. ಫೋಟೋದ ಉದ್ದದ ಬದಿಯಲ್ಲಿ 4000 ಪಿಕ್ಸೆಲ್ ಇರುತ್ತವೆ; ಅಂಚು ಸೇರಿ 8 ಇಂಚಿನ ಪುಟಕ್ಕೆ ಅದು ಇಂಚಿಗೆ 500 ಪಿಕ್ಸೆಲ್ ಆಯಿತು. ಎರಡು ಪುಟ ಒಟ್ಟಿಗೆ ಹಿಡಿದರೆ 400ಕ್ಕಿಂತ ಕೆಳಗಿಳಿಯುತ್ತದೆ, ಆಗ ಒತ್ತಕ್ಷರಗಳು ಕಲಸಿಹೋಗುತ್ತವೆ. ಕನ್ನಡಕ್ಕೆ 400 ಕನಿಷ್ಠ ಎಂದೇ ಇಟ್ಟುಕೊಳ್ಳಿ.

ಜಾಗದ ಲೆಕ್ಕ ಮೊದಲೇ ಹಾಕಿ. 5 ಇಂಚು ಅಗಲ, 7.25 ಇಂಚು ಎತ್ತರದ ಪುಟ ಇಂಚಿಗೆ 400 ಪಿಕ್ಸೆಲ್‌ನಲ್ಲಿ ಬಣ್ಣದ ಟಿಫ್ (ಕುಗ್ಗಿಸದ ಚಿತ್ರದ ಫೈಲು) ಆದರೆ ಸುಮಾರು 17 ಎಂಬಿ. 200 ಪುಟದ ಪುಸ್ತಕ 3.5 ಜಿಬಿ; ಇಂಥ ಮುನ್ನೂರು ಪುಸ್ತಕಕ್ಕೆ ಒಂದು ಟಿಬಿ ಡಿಸ್ಕ್ ಸಾಲುವುದಿಲ್ಲ. ಫೈಲಿಗೆ ಅಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಆ ಪುಸ್ತಕಕ್ಕೆ ಕೊಟ್ಟ ಸಂಖ್ಯೆ) ಮತ್ತು ಪುಟಸಂಖ್ಯೆಯ ಅಂಕಿಗಳನ್ನೇ ಹೆಸರಾಗಿ ಕೊಡಿ. ಕನ್ನಡ ಹೆಸರು ಹಳೆಯ ತಂತ್ರಾಂಶಗಳಲ್ಲಿ ಒಡೆದು ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು.

ಹುಡುಕಲಾಗದ ಚಿತ್ರ ಬೀಗ ಹಾಕಿದ ಕಪಾಟಿಗಿಂತ ಮೇಲೇನಲ್ಲ. ಪುಟಗಳನ್ನು ಸ್ಕ್ಯಾನ್‌ಟೇಲರ್ ಎಂಬ ತಂತ್ರಾಂಶದಲ್ಲಿ ನೇರ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟರೆ ಪಠ್ಯ ಸಿಗುತ್ತದೆ. ತಪ್ಪುಗಳಿಗೂ ಒಂದು ಕ್ರಮವಿದೆ. ಅನುಸ್ವಾರ ಸೊನ್ನೆಯಾಗುತ್ತದೆ, ಅರ್ಕಾವತ್ತು ೯ ಆಗುತ್ತದೆ, ‘ಮ’ ಮತ್ತು ‘ವು’ ಅದಲುಬದಲಾಗುತ್ತವೆ. ಬೆಳಕು ಹೆಚ್ಚಾದರೆ ಕೆಳಗಿನ ಗೀಟು ಅಳಿಸಿ ‘ಧ’ ಹೋಗಿ ‘ದ’ ಉಳಿಯುತ್ತದೆ. ಪದದ ನಡುವೆ ಬಂದ ಸೊನ್ನೆ, ಒಂಬತ್ತುಗಳನ್ನು ಹುಡುಕಿ ಬದಲಿಸಿದರೆ ಅರ್ಧ ತಲೆನೋವು ಕಳೆಯಿತು. ಉಳಿದದ್ದಕ್ಕೆ ಕನ್ನಡ ಚೆನ್ನಾಗಿ ಬಲ್ಲವರೇ ಕೂತು ಕರಡು ತಿದ್ದಬೇಕು. ಎಲ್ಲ ಪುಟಗಳಿಗೆ ಕೈಸಾಲದಿದ್ದರೆ ಪರಿವಿಡಿ ಮತ್ತು ಹೆಸರುಗಳನ್ನಾದರೂ ತಪ್ಪಿಲ್ಲದೆ ತಿದ್ದಿ.

ಹಿಂದೆ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪುಸ್ತಕಪಟ್ಟಿ ಇದ್ದರೆ ಯೂನಿಕೋಡ್‌ಗೆ (ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ) ಪರಿವರ್ತಿಸಿ. ಹಳೆಯ ಫಾಂಟಿನದು ತೆರೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಹುಡುಕಿದರೆ ಏನೂ ಸಿಗದು. ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ, ಅಲ್ಲಿ ಅಕ್ಷರಕ್ರಮವೇ ತಿರುಗುಮುರುಗು. ಪಟ್ಟಿಗೆ ಉಚಿತವಾಗಿ ಸಿಗುವ ಗ್ರಂಥಾಲಯ ತಂತ್ರಾಂಶ ಕೋಹಾ ಸಾಕು, ಕನ್ನಡ ಸರಾಗವಾಗಿ ಕೂರುತ್ತದೆ. ಶೀರ್ಷಿಕೆ, ಲೇಖಕರ ಹೆಸರನ್ನು ರೋಮನ್ ಲಿಪಿಯಲ್ಲೂ ಸೇರಿಸಿ. ಕನ್ನಡ ಮಾತಾಡಿಯೂ ಓದಲು ಬಾರದ ಮಕ್ಕಳು ಈ ಊರಿನಲ್ಲಿ ಬಹಳ. ಅಜ್ಜನ ಲೇಖನ ಅವರ ಕೈಗೂ ಸಿಗಬೇಕು.

ಎಲ್ಲವನ್ನೂ ಅಂತರಜಾಲಕ್ಕೆ ಹಾಕುವಂತಿಲ್ಲ. ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತದೆ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಅವರಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ಸ್ಮರಣ ಸಂಚಿಕೆಯಲ್ಲಿ ಒಬ್ಬೊಬ್ಬ ಲೇಖಕರ ಲೆಕ್ಕ ಬೇರೆಬೇರೆ, ಆದ್ದರಿಂದ ಮನೆಯವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದೇ ನೇರದಾರಿ. ಸ್ಕ್ಯಾನ್ ಮಾಡಿ ಕಾಪಾಡಿಡುವುದು ಬೇರೆ ಮಾತು: ಕಾಗದದ ಪ್ರತಿ ತನ್ನಲ್ಲಿದ್ದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ಹಾಗೆ ಮಾಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಮೂರು ಪ್ರತಿ ಇಡಿ, ಒಂದನ್ನು ಮುಂಬಯಿಯ ಹೊರಗೆ, ಪುಣೆಗೋ ಮಂಗಳೂರಿಗೋ ಕಳಿಸಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ಒಂದೇ ಕೋಣೆಯಲ್ಲಿಟ್ಟ ಮೂರು ಡಿಸ್ಕ್ ಅಂಥ ದಿನ ಒಟ್ಟಿಗೇ ನೆನೆಯುತ್ತವೆ. ಆರು ತಿಂಗಳಿಗೊಮ್ಮೆ ಡಿಸ್ಕ್ ಜೋಡಿಸಿ, ಅಲ್ಲೊಂದು ಇಲ್ಲೊಂದು ಇಪ್ಪತ್ತು ಫೈಲು ತೆರೆದು ನೋಡಿ, ಕಪಾಟಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ತಾರೀಕು ಹಾಕಿ ಸಹಿ ಮಾಡಿ.