ಮುಖವಿಲ್ಲದ ಏಳು ಗೊಂಬೆಗಳು

ನಮ್ಮ ಮನೆಯಲ್ಲಿ ಅತ್ತೆಯವರ ಹಳೇ ಟ್ರಂಕು ಒಂದಿದೆ. ಅದರಲ್ಲಿ ಎರಡು ವರ್ಷ ಏಳು ಬಟ್ಟೆ ಗೊಂಬೆಗಳು ಮಲಗಿದ್ದವು. ಕೈ ಇದೆ, ಕಾಲಿದೆ, ಮೈ ತುಂಬಿದೆ, ಮುಖ ಮಾತ್ರ ಇಲ್ಲ. ಯಾರಾದರೂ ಬಂದರೆ ಟ್ರಂಕಿನ ಮೇಲೆ ಒಣಗಿದ ಬಟ್ಟೆಯ ರಾಶಿ ಹಾಕಿಬಿಡುತ್ತಿದ್ದೆ. ಬಟ್ಟೆ ಮಡಚದ ಸೊಸೆ ಅನ್ನಿಸಿಕೊಂಡರೂ ಪರವಾಗಿಲ್ಲ, ಆ ಗೊಂಬೆಗಳನ್ನು ಯಾರೂ ನೋಡಬಾರದು, ಅಷ್ಟು ನಾಚಿಕೆ.

ನಾನು ಶಿರಸಿ ಕಡೆಯವಳು. ಮದುವೆಯಾಗಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದವಳು. ಗೊಂಬೆ ಮಾಡೋದನ್ನು ಯಾರೂ ಕಲಿಸಲಿಲ್ಲ. ಅಕ್ಕನ ಮಗಳಿಗೆಂದು ಸುಮ್ನೆ ಒಂದು ಹೊಲಿದೆ, ತವರಿನಿಂದ ತಂದ ಬೂರುಗದ ಹತ್ತಿ ತುಂಬಿದೆ. ಬೀಜ ಸರಿಯಾಗಿ ತೆಗೆದಿರಲಿಲ್ಲ, ಹೊಟ್ಟೆಯೆಲ್ಲ ಗಂಟು ಗಂಟು. ಜೂನ್ ಬಂತು ನೋಡಿ, ಕರಾವಳಿ ಮಳೆ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ, ಗೊಂಬೆಯ ಕೆನ್ನೆ ಮೇಲೂ ಹಸಿರು ಮಚ್ಚೆ ಬಂತು. ಮಗು ಅದನ್ನು ಕೈಬಿಡಲಿಲ್ಲ, ಆ ಮಾತು ಬೇರೆ. ಆದರೆ ನೆಂಟರೊಬ್ಬರು "ಇಷ್ಟು ಕಷ್ಟ ಎಂತಕ್ಕೆ ತಂಗಿ, ಜಾತ್ರೆಲಿ ಇದಕ್ಕಿಂತ ಚೊಲೋದು ಸಿಗ್ತು" ಅಂದರು. ನಮ್ಮ ಮಾರಿಕಾಂಬಾ ಜಾತ್ರೆ ಬರೋದು ಎರಡು ವರ್ಷಕ್ಕೊಮ್ಮೆ. ಈ ಮಾತು ಮಾತ್ರ ನನ್ನ ತಲೆಯಲ್ಲಿ ದಿನಾ ತೇರು ಎಳೆಯುತ್ತಿತ್ತು.

ಆಮೇಲೆ ಮಾಡಿದ್ದೆಲ್ಲ ಟ್ರಂಕಿಗೇ ಹೋಯಿತು.

ಒಂದು ದಿನ ಬಿಸಿಲಿಗೆ ಇಡೋಣ ಅಂತ ಏಳನ್ನೂ ಹೊರಗೆ ತೆಗೆದು ಚಾಪೆ ಮೇಲೆ ಸಾಲಾಗಿ ಮಲಗಿಸಿದೆ. ಆಗ ಗೊತ್ತಾಯಿತು, ಏಳಕ್ಕೆ ಏಳೂ ಒಂದೇ ಜಾಗದಲ್ಲಿ ನಿಂತಿವೆ. ಮೈ ತುಂಬಿ ಮುಗಿದಿದೆ, ಕೂದಲು ಕೂರಿಸಿಲ್ಲ. ಅಂದರೆ ಪ್ರತಿ ಸಲ ಅದೇ ಬೋಳು ತಲೆ ನೋಡಿಯೇ ನಾನು ಕೈಬಿಟ್ಟಿದ್ದೆ! ಬೋಳು ತಲೆಯ ಗೊಂಬೆ ಯಾರು ಮಾಡಿದರೂ ಮೂಲಂಗಿ ಥರಾನೇ ಕಾಣುತ್ತದೆ, ಅಲ್ವಾ? ಅವತ್ತಿನಿಂದ ಕ್ರಮ ಬದಲಾಯಿಸಿದೆ. ಮೊದಲು ಉಲ್ಲನ್ ದಾರದ ಕೂದಲು ಹೊಲಿಯೋದು, ಆಮೇಲೆ ಮುಖ. ಕಣ್ಣಿನ ಜಾಗಕ್ಕೆ ಎರಡು ಕಪ್ಪು ಗುಂಡುಪಿನ್ ಚುಚ್ಚಿ ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡಿದರೆ ಎಲ್ಲಿ ತಪ್ಪಿದೆ ಅಂತ ತಾನಾಗೇ ಕಾಣುತ್ತದೆ. ಕಣ್ಣು ತಲೆಯ ನಡುಮಧ್ಯಕ್ಕಿಂತ ಒಂಚೂರು ಕೆಳಗೆ ಬಂದರೆ ಮಗುವಿನ ಮುಖ, ಮೇಲೆ ಹೋದರೆ ದೊಡ್ಡವರ ಮುಖ. ಕಸೂತಿ ದಾರದ ಆರು ಎಳೆಯಲ್ಲಿ ಕಣ್ಣಿಗೆ ಎರಡು, ಬಾಯಿಗೆ ಒಂದೇ ಎಳೆ. ಬಾಯಿಗೆ ಎರಡು ಎಳೆ ಹಾಕಿದರೆ ಗೊಂಬೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ, ನನಗಂತೂ.

ಹತ್ತಿಯನ್ನೂ ಬಿಟ್ಟೆ. ಈಗ ದಿಂಬಿಗೆ ಹಾಕುವ ಫೈಬರ್ ತುಂಬುತ್ತೇನೆ, ಚಿಕ್ಕ ಚಿಕ್ಕ ಉಂಡೆ ಮಾಡಿ, ಮೊಂಡಾದ ಬಿದಿರು ಕಡ್ಡಿಯಿಂದ ತುದಿಯವರೆಗೆ ತಳ್ಳಿ. ಹೊಲಿದ ಬಟ್ಟೆಯ ಒಳಮೈ ಹೊರಮೈ ತಿರುವಿ ಹಾಕುವ ಮೊದಲು ಕುತ್ತಿಗೆಯ ತಿರುವಿನಲ್ಲಿ ಹೊಲಿಗೆ ತನಕ ಹೋಗದ ಹಾಗೆ ಸಣ್ಣ ಸಣ್ಣ ಕತ್ತರಿ ಹಾಕಬೇಕು, ಇಲ್ಲದಿದ್ದರೆ ಅಲ್ಲಿ ನಿರಿಗೆ ಬೀಳುತ್ತದೆ. ಇದನ್ನು ಕಲಿಯೋಕೆ ಮೂರು ಗೊಂಬೆ ಹಾಳಾದವು.

ಧೈರ್ಯ ಬಂತು ಅಂದುಕೊಂಡು, ನಮ್ಮ ಕರಾವಳಿಯ ಹಾಲಕ್ಕಿ ಒಕ್ಕಲಿಗರ ಅಜ್ಜಿಯೊಬ್ಬರ ಗೊಂಬೆಗೆ ಕೈ ಹಾಕಿದೆ. ಅಂಕೋಲಾದ ಹಾಲಕ್ಕಿ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದೆ, ಅದನ್ನೇ ಎದುರಿಗಿಟ್ಟುಕೊಂಡೆ. ಕೋರಾ ಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಎರಡು ಸಲ ಅದ್ದಿ ಮೈಬಣ್ಣ ಬರಿಸಿದೆ. ಹಳೇ ಕಾಟನ್ ಸೀರೆ ತುಂಡನ್ನು ಹೆಗಲ ಮೇಲೆ ಗಂಟು ಹಾಕಿದೆ. ಮುಖ ಮಾತ್ರ ಐದು ಸಲ ಬಿಚ್ಚಿದೆ. ಕೆನ್ನೆಯ ಸುಕ್ಕು ಸುಕ್ಕಿನ ಹಾಗಿಲ್ಲ, ಗಾಯದ ಹಾಗಿದೆ ಅನ್ನಿಸೋದು.

ಕೊನೆಗೆ ಬಿಚ್ಚೋದು ಸಾಕಾಗಿ, ಅದನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಬೀದಿಗೆ ಸೊಪ್ಪು ತರುವ ಹಾಲಕ್ಕಿ ಅಜ್ಜಿಗೆ ತೋರಿಸಿದೆ. ಎದೆ ಢವ ಢವ. ಅಜ್ಜಿ ಹರಿವೆ ಕಟ್ಟು ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಗೊಂಬೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. ಮುಖದ ಬಗ್ಗೆ ಒಂದು ಮಾತೂ ಇಲ್ಲ. "ಮಣಿ ಸಾಲದು" ಅಂದರು. ತಮ್ಮ ಕೊರಳಿನ ಸರಗಳನ್ನು ಬೆರಳಿಂದ ಎತ್ತಿ ತೋರಿಸಿದರು, ಒಂದರ ಮೇಲೊಂದು, ಗಂಟಲಿಂದ ಎದೆ ತನಕ. ನಾನು ಹಾಕಿದ್ದು ನಾಲ್ಕೇ ಎಳೆ. ಅದರ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ! ಐದು ಸಲ ಬಿಚ್ಚಿದ ಮುಖ ಅವರಿಗೆ ಸರಿಯಾಗೇ ಇತ್ತು, ಒಂದು ಸಲವೂ ಬಿಚ್ಚದ ಸರ ತಪ್ಪಾಗಿತ್ತು. ನನ್ನ ಅನುಮಾನಕ್ಕೆ ನಾನು ಇಷ್ಟು ವರ್ಷ ಕೊಟ್ಟ ಮರ್ಯಾದೆ ಜಾಸ್ತಿ ಆಯಿತು ಅನ್ನಿಸಿತು.

ಮನೆಗೆ ಬಂದು ಕಪ್ಪು, ಹಳದಿ, ಕೆಂಪು ಸಾಸಿವೆ ಮಣಿ ತರಿಸಿ, ದಾರಕ್ಕೆ ಮೇಣ ತಿಕ್ಕಿ, ಹದಿನೆಂಟು ಎಳೆ ಪೋಣಿಸಿದೆ. ಹಾಕಿದ ಕೂಡಲೇ ಭಾರಕ್ಕೆ ಗೊಂಬೆಯ ತಲೆ ಮುಂದಕ್ಕೆ ಬಾಗಿತು. ಈಗ ಬೆನ್ನಿನ ಹೊಲಿಗೆ ಬಿಚ್ಚಿ ಕುತ್ತಿಗೆಯೊಳಗೆ ಒಂದು ಕಡ್ಡಿ ಕೂರಿಸುತ್ತಿದ್ದೇನೆ. ಮುಖ ಹಾಗೇ ಇದೆ, ಮುಟ್ಟಿಲ್ಲ. ಟ್ರಂಕಿನಲ್ಲಿ ಇನ್ನು ನಾಲ್ಕು ಬಾಕಿ.